ಬೆಟಗೇರಿಯ ಮುನ್ನೂರ ಹನ್ನೆರಡು ನಾಯಿಗಳು

ಪಾರ್ಸಲನ್ನು ಮನೆಯವರೆಗೆ ಒಯ್ಯುವುದು ಯಾರಾದರೂ ಮಾಡಬಹುದಾದ ಕೆಲಸ, ಒಯ್ದ ಮೇಲೆ ಎಲ್ಲಿ ಇಡಬೇಕು ಎನ್ನುವುದೇ ವಿದ್ಯೆ ಎಂದು ಕಳಕಪ್ಪ ಸೂಡಿ ಹೇಳುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಐವತ್ತೆರಡು ವರ್ಷದ ಮನುಷ್ಯ, ಅದರಲ್ಲಿ ಇಪ್ಪತ್ತಾರು ವರ್ಷ ಗದಗ ಬೆಟಗೇರಿಯ ಓಣಿಗಳಲ್ಲಿ ಸಾಗಣೆ ಕಂಪನಿಯ ವ್ಯಾನು ಓಡಿಸಿದವನು. ಇದು ಇನ್ನೂ ಬಾರದ ಕಾಲದ ಕಥೆ. ಆ ಕಾಲ ಬಂದಾಗಲೂ ಬೆಟಗೇರಿಯಲ್ಲಿ ಮಗ್ಗದ ಸಪ್ಪಳ ಇರುತ್ತದೆ, ಹೊರಗೆ ನಿಂತು ಬೆಲ್ ಒತ್ತಿದರೆ ಒಳಗಿನವರಿಗೆ ಕೇಳಿಸುವುದಿಲ್ಲ ಎಂದು ನಂಬಿಕೊಂಡು ಹೇಳುತ್ತಿದ್ದೇನೆ.

ಕೇಳಿಸದ ಮೇಲೆ ಎಲ್ಲಿಯಾದರೂ ಇಟ್ಟು ಬರಬೇಕಲ್ಲ. ರಂಗೋಲಿಯ ಮೇಲೆ ಇಡಬಾರದು, ಅದು ಮೂರು ವರ್ಷದ ಕೂಸಿಗೂ ಗೊತ್ತು. ಕಟ್ಟೆಯ ಮೇಲಿಟ್ಟರೆ ಹರಟೆಗೆ ಬಂದವರು ಅದರ ಮೇಲೇ ಕೂಡುತ್ತಾರೆ. ಗೇಟಿನ ಬುಡದಲ್ಲಿಟ್ಟರೆ ಆಡು ಬಂದು ರಟ್ಟು ತಿನ್ನುತ್ತದೆ. ಚಪ್ಪಲಿಯ ಡಬ್ಬಿಯನ್ನು ತುಳಸಿಕಟ್ಟೆಗೆ ತಾಗಿಸಿ ಇಟ್ಟಿರೋ, ಆ ಮನೆಯ ಅಜ್ಜಿ ನಿಮ್ಮ ಏಳು ತಲೆಮಾರನ್ನು ಸ್ಮರಿಸುತ್ತಾಳೆ. ಹಾಗಾಗಿ ಒಂದು ಮನೆಗೆ ನೀರಿನ ಬ್ಯಾರಲ್ಲಿನ ಹಿಂದೆ, ಇನ್ನೊಂದಕ್ಕೆ ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ, ಮತ್ತೊಂದಕ್ಕೆ ಕಿಟಕಿಯ ಸರಳಿನ ಒಳಗೆ. ಒಂದು ಸಾವಿರದ ನಾನೂರು ಮನೆಗಳ ಈ ವಿದ್ಯೆ ಕಳಕಪ್ಪನ ತಲೆಯಲ್ಲಿತ್ತು, ಮತ್ತು ಅದರ ಜಂಬವೂ ಇತ್ತು.

ಕಂಪನಿಯವರು ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ಹೊರಟು ಆರು ವರ್ಷವಾಗಿತ್ತು. ಯಂತ್ರದ ಹೆಸರು ನೆಲೆ. ಅದು ಇದ್ದದ್ದು ಹುಬ್ಬಳ್ಳಿಯಲ್ಲಿ, ಆದರೆ ಅದರ ಒಂದು ಕಣ್ಣು ಪ್ರತಿ ಡ್ರೈವರನ ಎದೆಯ ಮೇಲೆ ಅಂಗಿಯ ಗುಂಡಿಯಷ್ಟು ಗಾತ್ರದಲ್ಲಿ ಕುಳಿತಿರುತ್ತಿತ್ತು. ಬಿಸಿಲು ಎತ್ತ ಬೀಳುತ್ತದೆ, ಮಳೆಯ ಇರಚಲು ಎಲ್ಲಿಯವರೆಗೆ ಬರುತ್ತದೆ, ರಸ್ತೆಯಲ್ಲಿ ಹೋಗುವವನ ಕಣ್ಣಿಗೆ ಏನು ಕಾಣುತ್ತದೆ, ಒಳಗೆ ಮಗ್ಗ ನಡೆಯುತ್ತಿದೆಯೋ ಇಲ್ಲವೋ ಎಲ್ಲವನ್ನೂ ನೆಲೆ ಅಳೆದು, ಇಂಥಲ್ಲಿ ಇಡು ಎಂದು ಡ್ರೈವರನ ಮುಂಗೈ ಪಟ್ಟಿಯ ಮೇಲೆ ತೋರಿಸುತ್ತಿತ್ತು. ಡ್ರೈವರನಿಗೆ ಆ ಜಾಗ ಒಪ್ಪಿಗೆಯಾಗದಿದ್ದರೆ ತನಗೆ ಬೇಕಾದಲ್ಲಿ ಇಡಬಹುದು, ಆದರೆ ಕಾರಣ ಹೇಳಬೇಕು. ಅದಕ್ಕೆ ನಾಲ್ಕು ಗುಂಡಿಗಳಿದ್ದವು: ನಾಯಿ, ಮಳೆ, ಬೀಗ, ಇತರೆ. ಇತರೆ ಒತ್ತಿದರೆ ಏನೆಂದು ಬರೆಯಬೇಕು. ಬೀಗ ಒತ್ತಿದರೆ ಬೀಗದ ಫೋಟೋ ಕೇಳುತ್ತದೆ. ಮಳೆ ಇಲ್ಲದಾಗ ಮಳೆ ಎಂದರೆ ಅದಕ್ಕೆ ಗೊತ್ತಾಗುತ್ತದೆ. ಉಳಿದದ್ದು ನಾಯಿ. ನಾಯಿ ಎಂದರೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಬೆಟಗೇರಿಯ ಡ್ರೈವರುಗಳೆಲ್ಲ ಆರು ವರ್ಷ, ಹೇಳಬಾರದ ಕಾರಣ ಬಂದಾಗಲೆಲ್ಲ, ನಾಯಿ ಒತ್ತಿದರು.

ಹೇಳಬಾರದ ಕಾರಣಗಳು ಕಡಿಮೆಯೇ? ಒಬ್ಬ ಸೊಸೆಯ ಪರೀಕ್ಷೆಯ ಪುಸ್ತಕ ಪಕ್ಕದ ಮನೆಯ ಅಟ್ಟಕ್ಕೆ ಹೋಗಬೇಕು. ಒಬ್ಬ ಯಜಮಾನರ ಕೂದಲಿಗೆ ಹಚ್ಚುವ ಬಣ್ಣ ಕ್ಷೌರದ ಅಂಗಡಿಯಲ್ಲಿಳಿಯಬೇಕು. ಎಪ್ಪತ್ತು ದಾಟಿದ ಕೊಟ್ರಪ್ಪನೆಂಬ ನೇಕಾರನ ಕೈ ನಡುಗುತ್ತಿತ್ತು, ಅದಕ್ಕೆ ಗುಳಿಗೆ ತರಿಸುತ್ತಿದ್ದ. ಮಗ ಉಮೇಶನಿಗೆ ಗೊತ್ತಾದರೆ ಅಪ್ಪನನ್ನು ಮಗ್ಗದಿಂದ ಎಬ್ಬಿಸಿ ಟಿ.ವಿ. ಮುಂದೆ ಕೂಡಿಸುತ್ತಾನೆ. ಆ ಗುಳಿಗೆಯ ಡಬ್ಬಿ ಪ್ರತಿ ತಿಂಗಳೂ ಮೂಲೆಯ ಹಿಟ್ಟಿನ ಗಿರಣಿಯ ಬಸಲಿಂಗವ್ವನ ಕೈಗೆ ಹೋಗುತ್ತಿತ್ತು. ಕಳಕಪ್ಪ ನಾಯಿ ಒತ್ತುತ್ತಿದ್ದ.

ಬೆಟಗೇರಿಯಲ್ಲಿ ನಿಜವಾದ ನಾಯಿ ಎಂದು ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದು ಒಂದೇ. ಅದು ಡಿಪೋದ ಸರಕು ಇಳಿಸುವ ಕಟ್ಟೆಯ ಕೆಳಗೆ ಐದು ಮರಿ ಹಾಕಿಕೊಂಡು ಮಲಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ವೈಜಯಂತಿ ಹೊಂಬಳ ಬಂದಳು. ನೆಲೆಯನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬಳು, ಗದಗಿನಲ್ಲೇ ಹುಟ್ಟಿದವಳು, ಮೂವತ್ತೊಂದು ವರ್ಷದವಳು. ಬರುವ ಸೋಮವಾರ ಒಂಬತ್ತು ಗಂಟೆಯಿಂದ ಬೆಟಗೇರಿಯಲ್ಲಿ ನಡೆಬಂಡಿಗಳು ಇಳಿಯುವುದಿತ್ತು. ನಾಲ್ಕು ಕಾಲಿನ, ಮೊಣಕಾಲೆತ್ತರದ ಯಂತ್ರಗಳು, ವ್ಯಾನಿನಿಂದಿಳಿದು ಮನೆಯವರೆಗೆ ತಾವೇ ನಡೆದುಹೋಗಿ ಪಾರ್ಸಲ್ ಇಟ್ಟು ಬರುವಂಥವು. ಡ್ರೈವರುಗಳಿಗೆ ಕೆಲಸವೇನೂ ಹೋಗುತ್ತಿರಲಿಲ್ಲ, ವ್ಯಾನು ಓಡಿಸುವುದು ಅವರೇ. ಎಲ್ಲಿ ಇಡಬೇಕು ಎನ್ನುವುದನ್ನು ಮಾತ್ರ ಇನ್ನು ನೆಲೆ ನಿರ್ಧರಿಸುತ್ತದೆ.

"ಕಳಕಪ್ಪಣ್ಣಾರ, ನಿಮ್ಮ ಬೆಟಗೇರ್ಯಾಗ ಮುನ್ನೂರ ಹನ್ನೆರಡು ಮನ್ಯಾಗ ನಾಯಿ ಅದಾವಂತ ನೆಲಿ ಹೇಳತೈತಿ," ಎಂದಳು ವೈಜಯಂತಿ. "ನಗರಸಭೆಯವರ ಪಟ್ಟಿ ನೋಡಿದ್ರ ಅರವತ್ತೊಂದು. ಉಳಿದ ನಾಯಿ ನನಗ ಸ್ವಲ್ಪ ತೋರಸ್ರಿ."

"ತೋರ್ಸೋಣಂತ ಬರ್ರಿ ಅಕ್ಕಾರ," ಎಂದ ಕಳಕಪ್ಪ. ಧೈರ್ಯಕ್ಕೆ ಅವನಲ್ಲಿ ಬರವಿರಲಿಲ್ಲ.

ಮೊದಲ ಓಣಿಯಲ್ಲಿ ಒಂದು ಮುದಿ ನಾಯಿ ನೆರಳಿನಲ್ಲಿ ಮಲಗಿತ್ತು. ಕಳಕಪ್ಪ ಅದನ್ನೇ ತೋರಿಸಿ ನಾಲ್ಕು ಮನೆಗಳ ಹೆಸರು ಹೇಳಿದ. ಅದಕ್ಕೆ ಹಲ್ಲೂ ಇರಲಿಲ್ಲ. ಎರಡನೆಯ ಓಣಿಯಲ್ಲಿ ಆ ಹೊತ್ತಿಗೆ ನಾಯಿಗಳೆಲ್ಲ ತಿರುಗಾಡಲು ಹೋಗಿರುತ್ತವೆ ಎಂದ. ವೈಜಯಂತಿ ನಗುತ್ತ ಕೊಟ್ರಪ್ಪನ ಮನೆಯ ಮುಂದೆ ನಿಂತಳು. ಒಳಗೆ ಮಗ್ಗ ಬಡಿಯುತ್ತಿತ್ತು.

"ಈ ಮನಿ ನಾಯಿ ಭಾಳ ಶಾಣ್ಯಾ ಐತಿ ನೋಡ್ರಿ," ಎಂದಳು. "ಸೀರಿ ನೂಲಿನ ಪಾರ್ಸಲ್ ಬಂದ್ರ ಬೊಗಳೂದಿಲ್ಲ. ಉಮೇಶ ಅನ್ನೋರ ಹೆಸರಿಗೆ ಏನ್ ಬಂದ್ರೂ ಬೊಗಳೂದಿಲ್ಲ. ಔಷಧದಂಗಡಿಯಿಂದ ಸಣ್ಣ ಡಬ್ಬಿ ಬಂದ್ರ ಅಷ್ಟ ಬೊಗಳತೈತಿ."

ಆಕೆ ತನ್ನ ಕೈಯ ಹಲಗೆಯಂಥ ಸಾಧನವನ್ನು ಕಳಕಪ್ಪನ ಕಡೆಗೆ ತಿರುಗಿಸಿದಳು. ಮನೆಯ ಚಿತ್ರದ ಕೆಳಗೆ ಹಳದಿ ಬಣ್ಣದ ಒಂದು ಗುಂಡಿ ಇತ್ತು, ಅದರ ಮೇಲೆ 'ಯಾಕೆ' ಎಂದು ಬರೆದಿತ್ತು. ಇದು ಹೊಸ ಕಾಯ್ದೆಯ ಗುಂಡಿ. ಯಂತ್ರ ನಿಮ್ಮ ವಿಷಯದಲ್ಲಿ ಏನೇ ನಿರ್ಧಾರ ಮಾಡಲಿ, ಯಾಕೆ ಎಂದು ನೀವು ಕೇಳಿದರೆ ಅದು ನಿಜವಾದ ಕಾರಣ ಹೇಳಬೇಕು. ಒಳ್ಳೆಯ ಕಾಯ್ದೆಯೇ. ಈ ಗುಂಡಿಯನ್ನು ಮಾಡಿದವಳು ವೈಜಯಂತಿ, ಅದರ ಬಗ್ಗೆ ಆಕೆಗೆ ಹೆಮ್ಮೆಯಿತ್ತು. ಆಕೆ ಒತ್ತಿದಳು.

ನೆಲೆ ಹೀಗೆ ಹೇಳಿತು: ಈ ಮನೆಯಲ್ಲಿ ನಾಯಿ ಇಲ್ಲ. ಕೊಟ್ರಪ್ಪ ಎಂಬವರ ಹೆಸರಿಗೆ ಬರುವ ಔಷಧವನ್ನು ಮೂಲೆಯ ಗಿರಣಿಯಲ್ಲಿ ಕೊಡಲಾಗುತ್ತದೆ. ಗುಳಿಗೆ ಕೈ ನಡುಕದ್ದು. ಕಂಪನಿಯಲ್ಲಿ ಈ ಮನೆಯ ಖಾತೆದಾರರಾದ ಉಮೇಶ ಅವರಿಗೆ ತಿಳಿಯಬಾರದೆಂಬ ಉದ್ದೇಶ ಇರುವ ಸಂಭವ ನೂರಕ್ಕೆ ತೊಂಬತ್ತನಾಲ್ಕು.

ನೆಲೆಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಸುಳ್ಳನ್ನು ಆರು ವರ್ಷ ಸಾವಿರಾರು ಸಲ ಹೇಳಿದ್ದರು. ಆ ಸುಳ್ಳು ಯಾವ ಮನೆಯಲ್ಲಿ, ಯಾವ ಡಬ್ಬಿಗೆ, ಯಾರಿದ್ದಾಗ ಬಂತು ಎಂದು ಅದು ಕೂಡಿಸಿ ನೋಡಿತ್ತು, ಅಷ್ಟೇ. ನಾಯಿಯ ನಕ್ಷೆ ಎಂದುಕೊಂಡದ್ದು ಊರಿನ ಗುಟ್ಟುಗಳ ನಕ್ಷೆಯಾಗಿ ಕುಳಿತಿತ್ತು.

"ಇದು ಯಾರ್ಯಾರಿಗೆ ಕಾಣಸತೈತ್ರಿ?" ಎಂದು ಕೇಳಿದ ಕಳಕಪ್ಪ.

"ಸೋಮವಾರ ಒಂಬತ್ತಕ್ಕ ಎಲ್ಲಾ ಖಾತೆದಾರರ ಫೋನಿಗೆ ಬರತೈತಿ. ಉಮೇಶವ್ರು ಒತ್ತಿದ್ರ ಉಮೇಶವ್ರಿಗೆ."

"ಬ್ಯಾಡ್ರಿ ಅಕ್ಕಾರ. ಆ ಮುದುಕನ್ನ ಮಗ್ಗದ ಮ್ಯಾಲಿಂದ ಎಬ್ಬಿಸಿದ್ರ ವರ್ಷದೊಳಗ ಸಾಯ್ತಾನ."

"ಅಣ್ಣಾರ, ತನ್ನ ಮನ್ಯಾಗ ಏನ್ ನಡದೈತಿ ಅಂತ ತನಗ ಗೊತ್ತಾಗಬಾರದು ಅಂದ್ರ ಹೆಂಗ? ನಾಳೆ ಆ ಗುಳಿಗೆಯಿಂದ ಏನರ ಆದ್ರ?"

"ಗಿರಣಿ ಬಸಲಿಂಗವ್ವ ಆ ಮುದುಕಗ ಎದುರ ಕುಂತು ನುಂಗಸ್ತಾಳ. ವೈದ್ಯರಿಗೂ ಗೊತ್ತೈತಿ. ನಾವೇನ್ ಕಣ್ ಮುಚ್ಚಿ ಒತ್ತಂಗಿಲ್ರಿ ನಾಯಿ. ಹಿಂದೊಮ್ಮೆ ಒಬ್ಬಾಂವ ಮನಿಯವರಿಗೆ ಗೊತ್ತಾಗದಂಗ ಕೊಡು ಅಂದಿದ್ದ. ಡಬ್ಬಿ ನೋಡಿದೆ, ಇಲಿ ಔಷಧ. ಸೀದಾ ಅವರವ್ವನ ಕೈಗೇ ಕೊಟ್ಟೆ. ಮೂರ್ ದಿನ ಅವರವ್ವ ಅವನ್ನ ಬಿಟ್ಟು ಕದಲಲಿಲ್ಲ. ಈಗ ಅಂವಗ ಎರಡು ಮಕ್ಕಳ್ರಿ."

ವೈಜಯಂತಿ ಸ್ವಲ್ಪ ಹೊತ್ತು ಮಗ್ಗದ ಸಪ್ಪಳ ಕೇಳುತ್ತ ನಿಂತಳು. ನಡುವೆ ಒಮ್ಮೆ ಲಯ ತಪ್ಪಿತು, ಮತ್ತೆ ಸರಿಹೋಯಿತು. "ನಾಳೆ ಹುಬ್ಬಳ್ಳಿಗೆ ಬರ್ರಿ," ಎಂದಳು. "ನಿಜವಾದ ನಾಯಿ ಯಾವು ಅಂತ ನಕಾಶದಾಗ ಗುರ್ತು ಮಾಡೂದೈತಿ. ಅಲ್ಲೇ ಮಾತಾಡೋಣು."

ಶನಿವಾರ ಕಳಕಪ್ಪ ಹುಬ್ಬಳ್ಳಿಯ ನಿಯಂತ್ರಣ ಕೋಣೆಗೆ ಹೋದ. ಗೋಡೆಯ ತುಂಬ ಬೆಟಗೇರಿಯ ನಕ್ಷೆ, ಅದರ ಮೇಲೆ ಕೆಂಪು ಚುಕ್ಕಿಗಳು. ತನ್ನ ಓಣಿಗಳನ್ನು ಅಷ್ಟೆತ್ತರದಿಂದ ಅವನೆಂದೂ ನೋಡಿರಲಿಲ್ಲ. ವೈಜಯಂತಿ ಚಹಾ ತರಿಸಿದಳು. ಆಕೆ ಹಿಂದಿನ ಸಂಜೆಯೆಲ್ಲ ಕಾಯ್ದೆಯನ್ನು ಓದುತ್ತ ಕುಳಿತಿದ್ದಳಂತೆ.

"ಒಂದು ದಾರಿ ಐತ್ರಿ," ಎಂದಳು. "ಕಾರಣ ಹೇಳಬೇಕು ಅಂತ ಕಾಯ್ದೆ ಹೇಳತೈತಿ. ಯಾರಿಗೆ ಅಂತ ಸ್ಪಷ್ಟ ಹೇಳಿಲ್ಲ. ಖಾತೆದಾರರಿಗೆ ಅಂತ ಮಾಡಿದ್ದು ನಮ್ಮ ಕಂಪನಿ. ಅದನ್ನ ನಾನೊಬ್ಬಾಕಿನ ಬದಲಿಸಾಕ ಬರೂದಿಲ್ಲ. ಆದ್ರ ಆ ಊರಿನ ಒಬ್ಬ ಖಾತೆದಾರ ತಕರಾರು ಬರಕೊಟ್ರ ಇಡೀ ಊರಿಗೆ ಬದಲಿಸಬಹುದು, ಬದಲಿಸಲೇಬೇಕು."

"ಏನಂತ ಬರೀಬೇಕ್ರಿ?"

"ನನ್ನ ಮನಿ ಕಾರಣ ನನಗ ಹೇಳಬ್ಯಾಡ್ರಿ ಅಂತ. ಬರದಾರ ಮನಿ ಈ ಮುನ್ನೂರ ಹನ್ನೆರಡರಾಗ ಒಂದಿರಬೇಕು. ಬರದ ಮ್ಯಾಲೆ ಅವರ ಮನಿ ಕಾರಣಕ್ಕ ಮುದ್ರಿ ಬೀಳತೈತಿ. ಮುಂದ ಎಂದೂ ಅವರು ಕೇಳಂಗಿಲ್ಲ." ಆಕೆ ನಿಟ್ಟುಸಿರು ಬಿಟ್ಟಳು. "ಆದ್ರ ಬರಿಯೋರ್ಯಾರು? ತಮ್ಮ ಮನ್ಯಾಗ ಹಿಂಗೊಂದು ನಾಯಿ ಐತಿ ಅಂತ ಅವರಿಗೆ ಗೊತ್ತ ಇಲ್ಲಲ್ಲ."

"ಅದೂ ಖರೆ. ಗೊತ್ತಿದ್ದಾಂವ ಒತ್ತಿ ನೋಡ್ತಾನ, ಬರಿಯಂಗಿಲ್ಲ," ಎಂದು ಕಳಕಪ್ಪ ನಕ್ಕ. ನಗುತ್ತಲೇ ನಕ್ಷೆಯ ಮೇಲೆ ಕಣ್ಣಾಡಿಸಿದ. ಕಂಬಾರ ಓಣಿಯ ತಿರುವಿಗೆ ಬಂದಾಗ ನಗು ನಿಂತಿತು. ಬೇವಿನ ಮರ, ಎದುರಿಗೆ ಕಿರಾಣಿ ಅಂಗಡಿ, ಪಕ್ಕದಲ್ಲಿ ನೀಲಿ ಬಾಗಿಲ ಮನೆ. ನೀಲಿ ಬಾಗಿಲ ಮೇಲೆ ಒಂದು ಕೆಂಪು ಚುಕ್ಕಿ.

ಆ ಬಾಗಿಲಿಗೆ ನೀಲಿ ಬಣ್ಣ ಬಳಿದವನು ಅವನೇ.

ಕಂಪನಿಯ ನಿಯಮದ ಪ್ರಕಾರ ಡ್ರೈವರು ತನ್ನ ಮನೆಯಿರುವ ಓಣಿಗೆ ತಾನೇ ಪಾರ್ಸಲ್ ಒಯ್ಯುವಂತಿಲ್ಲ. ಕಂಬಾರ ಓಣಿ ಮಾಬುಸಾಬ ನದಾಫನದು, ಕಳಕಪ್ಪನ ಕೈಯಲ್ಲೇ ಕೆಲಸ ಕಲಿತವನದು. ವೈಜಯಂತಿ ಚುಕ್ಕಿಯನ್ನು ಮುಟ್ಟಿದಳು. ಎಂಟು ತಿಂಗಳಲ್ಲಿ ಹನ್ನೊಂದು ಸಲ. ಅಂಗೈಯಗಲದ ಡಬ್ಬಿ. ಎದುರಿನ ಕಿರಾಣಿ ಅಂಗಡಿಯಲ್ಲಿ ಕೊಡಲಾಗಿದೆ. ಕಾರಣ: ನಾಯಿ. ಪಾರ್ಸಲಿನ ಮೇಲಿನ ಹೆಸರು ದಾಕ್ಷಾಯಣಿ. ಖಾತೆದಾರ, ಕಳಕಪ್ಪ ಸೂಡಿ. ಹೆಸರು ಓದಿದ ಮೇಲೆ ಆಕೆ ಕೈ ಹಿಂದೆಗೆದುಕೊಂಡಳು.

"ನಮ್ಮ ಮನ್ಯಾಗ ಬೆಕ್ಕೂ ಇಲ್ರಿ," ಎಂದ ಕಳಕಪ್ಪ.

ಹಳದಿ ಗುಂಡಿ ಅಲ್ಲೇ ಇತ್ತು. ಇಪ್ಪತ್ತಾರು ವರ್ಷ ಊರಿನವರ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಎಲ್ಲರ ಮನೆಯ ದೋಸೆಯೂ ತೂತು ಎಂದು ದೊಡ್ಡ ಮನಸ್ಸಿನಿಂದ ಹೇಳುತ್ತಿದ್ದವನಿಗೆ ತನ್ನ ಮನೆಯ ಹಂಚು ಕಂಡಾಗ ಆ ದೊಡ್ಡ ಮನಸ್ಸು ಎಲ್ಲಿ ಹೋಯಿತೋ ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಹೆಂಡತಿ ದಾಕ್ಷಾಯಣಿ ಏನು ತರಿಸುತ್ತಾಳೆ? ತನಗೆ ಹೇಳಬಾರದಂಥದ್ದು ಏನಿದೆ? ಮಾಬುವಿಗೆ ಗೊತ್ತು, ಕಿರಾಣಿ ಅಂಗಡಿಯವನಿಗೆ ಗೊತ್ತು, ಹುಬ್ಬಳ್ಳಿಯ ಈ ಗೋಡೆಗೂ ಗೊತ್ತು. ಗಂಡನಿಗೆ ಗೊತ್ತಿಲ್ಲ.

"ಒತ್ತಬಹುದ್ರಿ ನೀವು. ನಿಮ್ಮ ಹಕ್ಕೈತಿ," ಎಂದಳು ವೈಜಯಂತಿ ಮೆಲ್ಲಗೆ. "ಒತ್ತಿದ ಮ್ಯಾಲೆ ತಕರಾರು ಬರಿಯಾಕ ಬರೂದಿಲ್ಲ. ಬರದ ಮ್ಯಾಲೆ ಒತ್ತಾಕ ಬರೂದಿಲ್ಲ. ಎರಡರಾಗ ಒಂದ."

"ನಾಳೆ ಹೇಳ್ತೀನ್ರಿ," ಎಂದು ಕಳಕಪ್ಪ ಎದ್ದ. ಚಹಾ ಹಾಗೇ ಇತ್ತು.

ಮನೆಗೆ ಬಂದಾಗ ದಾಕ್ಷಾಯಣಿ ಜಗಲಿಯಲ್ಲಿ ಕುಳಿತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಅದು ಅವಳ ದಿನದ ಕೆಲಸ. ಮಗಳ ಮದುವೆಯಾಗಿ ಇಳಕಲ್ಲಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಕಳಕಪ್ಪ ಕೈಕಾಲು ತೊಳೆಯುವ ನೆವದಲ್ಲಿ ಬಚ್ಚಲಿನ ಗೂಡು ನೋಡಿದ, ಅಂಗಿ ತೆಗೆಯುವ ನೆವದಲ್ಲಿ ಟ್ರಂಕಿನ ಮೇಲೆ ಕೈಯಾಡಿಸಿದ. ಟ್ರಂಕಿನ ಚಿಲಕ ತೆಗೆಯುವಷ್ಟರಲ್ಲಿ ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಕುಂಬಳಕಾಯಿ ಕಳ್ಳನ ಮುಖ. ಅವನಿಗೆ ನಾಚಿಕೆಯಾಗಿ ಚಿಲಕ ಬಿಟ್ಟು ಬಂದ.

ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಎಂದೂ ಹೀಗೆ ಮಾತಿಲ್ಲದೆ ಉಣ್ಣುವವನಲ್ಲ ಅವನು. ದಾಕ್ಷಾಯಣಿ ಎರಡು ಸಲ ಅವನ ಮುಖ ನೋಡಿದಳು.

"ಯಾಕ್ರೀ, ಹುಬ್ಬಳ್ಳಿಯೊಳಗ ಬೈಸಿಕೊಂಡು ಬಂದೀರೇನು?"

"ನನಗ್ಯಾರ್ ಬೈತಾರ? ನಾನ ಬೈದು ಬಂದೀನಿ." ರೊಟ್ಟಿ ಮುರಿಯುತ್ತ ಕೇಳಿಯೇಬಿಟ್ಟ. "ದಾಕ್ಷಿ, ನಿನಗೇನರ ಬೇಕಾಗಿತ್ತೇನು? ನಾ ತಂದುಕೊಡದಂಥಾದ್ದು?"

ಅವಳ ಕೈ ಒಂದು ಗಳಿಗೆ ಪಲ್ಯದ ಸೌಟಿನ ಮೇಲೆ ನಿಂತಿತು. "ಏನ್ ಬೇಕು? ಎಲ್ಲಾ ಐತಲ್ಲ," ಎಂದಳು. ಸೌಟು ಮತ್ತೆ ಆಡಿತು.

ಆ ಒಂದು ಗಳಿಗೆಯನ್ನು ಕಳಕಪ್ಪ ಕಂಡ. ಸಾವಿರದ ನಾನೂರು ಬಾಗಿಲು ನೋಡಿದ ಕಣ್ಣಿಗೆ ಅದು ತಪ್ಪುವಂತಿರಲಿಲ್ಲ. ಆದರೆ ಅವಳ ಮುಖದಲ್ಲಿ ಅವನು ಕಂಡದ್ದು ಮೋಸವಲ್ಲ. ಅದು ಕೊಟ್ರಪ್ಪನ ಮುಖದಲ್ಲಿದ್ದದ್ದು, ಪರೀಕ್ಷೆ ಕಟ್ಟಿದ ಆ ಸೊಸೆಯ ಮುಖದಲ್ಲಿದ್ದದ್ದು. ತನ್ನದೆಂಬ ಒಂದು ಚೂರನ್ನು ಯಾರೂ ಕಸಿದುಕೊಳ್ಳದಿರಲಿ ಎನ್ನುವ ಅಂಜಿಕೆ. ಅದು ತನ್ನ ಮನೆಯಲ್ಲಿ, ತನ್ನ ಮುಂದೆ ಇದೆ ಎನ್ನುವುದರಿಂದ ಅವನಿಗೆ ಬಹಳ ನೋವಾಯಿತು.

ಭಾನುವಾರ ಬೆಳಿಗ್ಗೆ ಮಾಬುಸಾಬ ಚಹದಂಗಡಿಯಲ್ಲಿ ಸಿಕ್ಕ. ಕಳಕಪ್ಪ ಸುತ್ತು ಬಳಸಲಿಲ್ಲ.

"ಮಾಬೂ, ನಮ್ಮ ಮನ್ಯಾಗ ನಾಯಿ ಐತೇನು?"

ಮಾಬುಸಾಬ ಗ್ಲಾಸು ಕೆಳಗಿಟ್ಟ. "ಐತಿ, ಕಾಕಾ."

"ಎಂಥಾದ್ದು?"

"ಸಣ್ಣದ ಐತಿ. ಕಡಿಯಂಗಿಲ್ಲ."

"ಕಡಿಯದಿದ್ರ ನನಗ ಹೇಳಾಕೇನಾಗಿತ್ತು ನಿನಗ?"

"ನೀವ ಕಲಿಸಿದ ವಿದ್ಯಾ, ಕಾಕಾ," ಎಂದ ಮಾಬುಸಾಬ. "ಕೊಟ್ರಪ್ಪಜ್ಜನ ಮಗಾ ಬಂದು ನಿಮ್ಮನ್ನ ಹಿಂಗ ಕೇಳಿದ್ರ ನೀವು ಹೇಳ್ತೀರೇನು? ನಾವು ಮನಿಗೆ ಮುಟ್ಟಸೂದಲ್ಲಲೇ ಮಾಬೂ, ಹೆಸರಿನವರಿಗೆ ಮುಟ್ಟಸೂದು ಅಂತ ಮೊದಲನೇ ದಿನ ಹೇಳಿದ್ರಿ. ನಾ ಮರತಿಲ್ಲ. ನೀವು ಮರತ್ರಿ."

ಬೈಗುಳವೆಂದರೆ ಇದು. ಕಳಕಪ್ಪನ ಕಿವಿ ಬಿಸಿಯಾಯಿತು. ತಾನು ಹೇಳಿದ ಮಾತೇ ತನಗೆ ತಿರುಗಿ ಬಂದಿತ್ತು. ಅವನು ಮಾಬುಸಾಬನ ಬೆನ್ನ ಮೇಲೊಂದು ಗುದ್ದಿ, ಚಹಾ ಪೂರ್ತಿ ಕುಡಿದು, ಅಲ್ಲಿಂದಲೇ ವೈಜಯಂತಿಗೆ ಫೋನು ಮಾಡಿದ. "ಬರ್ರಿ ಅಕ್ಕಾರ. ಕಾಗದ ತಗೊಂಡ ಬರ್ರಿ."

ಆಕೆ ಹತ್ತೂವರೆಗೆ ಡಿಪೋಕ್ಕೆ ಬಂದಳು. ಕಟ್ಟೆಯ ಕೆಳಗೆ ಮರಿಗಳು ಕುಂಯ್‌ಗುಡುತ್ತಿದ್ದವು. ತಕರಾರಿನ ಅರ್ಜಿಯನ್ನು ಆಕೆ ಓದಿ ಹೇಳಿದಳು: ನನ್ನ ಮನೆಯ ಪಾರ್ಸಲುಗಳನ್ನು ಬೇರೆಡೆ ಇಡುವ ಕಾರಣ ನನಗೆ ತಿಳಿಸಬಾರದು. ನಾನು ಮುಂದೆ ಎಂದಿಗೂ ಇದನ್ನು ಕೇಳುವುದಿಲ್ಲ. ದಾಖಲೆಯಲ್ಲಿ ಉಳಿಯುವ ಕಾರಣ, ನಾಯಿ. ಮೇಲೆ ಹೇಳಿದ್ದೆಲ್ಲ ನಿಜ.

"ಕಾರಣ ಯಾರಿಗೆ ಹೋಗಬೇಕು ಅನ್ನೂದನ್ನ ನೀವ ಹೇಳ್ರಿ," ಎಂದಳು. "ಅದನ್ನೂ ಬರೀಬೇಕು."

"ಪಾರ್ಸಲ್ ಮ್ಯಾಲೆ ಯಾರ ಹೆಸರಿರತೈತೋ ಅವರಿಗೆ," ಎಂದ ಕಳಕಪ್ಪ. "ಎಲ್ಲಿಡಬೇಕು ಅಂತನೂ ಅವರನ್ನ ಕೇಳ್ರಿ. ನಿಮ್ಮ ಬಂಡಿ ಎಷ್ಟರ ಶಾಣ್ಯಾ ಇರಲಿ, ಮನಿ ಅಂದ್ರ ಒಂದ ಬಾಗಲಾ ಅಂತ ತಿಳಕೊಂಡೈತಿ. ಒಂದೊಂದು ಮನ್ಯಾಗ ನಾಕ ಮಂದಿ ಇದ್ರ ನಾಕ ಬಾಗಲಾ ಇರತಾವ್ರಿ. ಕಾಣೂದು ಒಂದ."

ವೈಜಯಂತಿ ಅದನ್ನು ಹಾಗೆಯೇ ಬರೆದುಕೊಂಡಳು. ಆಕೆಯ ಆರು ವರ್ಷದ ಲೆಕ್ಕಾಚಾರವೆಲ್ಲ ಮನೆಗೊಂದು ಚುಕ್ಕಿಯ ಮೇಲೆ ನಿಂತಿತ್ತು. ತಪ್ಪು ಎಲ್ಲಾಗಿತ್ತೆಂದು ಆಕೆಗೆ ಆಗಲೇ ತಿಳಿದುಹೋಯಿತು, ತಿಳಿದದ್ದಕ್ಕೆ ಖುಷಿಯೂ ಆಯಿತು.

ಕಳಕಪ್ಪ ಲೇಖನಿ ಹಿಡಿದ. ಹಿಡಿದವನು ತಡೆದ. "ಅಕ್ಕಾರ, ಈ ಕಡೀ ಸಾಲು. ನಾಯಿ ಐತಿ, ನಿಜ ಅಂತ. ಇದಕ್ಕ ಸಹಿ ಮಾಡಬೇಕೇನ್ರಿ?"

"ಆರು ವರ್ಷದಿಂದ ದಿನಾ ಒತ್ತೀರಲ್ರಿ."

"ಗುಂಡಿ ಒತ್ತೂದು ಬ್ಯಾರೆ, ಸಹಿ ಮಾಡೂದು ಬ್ಯಾರೆ. ಸುಳ್ಳು ಬರದ ಕಾಗದಕ್ಕ ನಾ ಇವತ್ತಿನ ತನಕ ಸಹಿ ಮಾಡಿಲ್ಲ." ಅವನು ಕಟ್ಟೆಯ ಕೆಳಗೆ ನೋಡಿದ. "ಒಂದು ನಿಮಿಷ ತಡೀರಿ."

ಬಗ್ಗಿ, ತಾಯಿ ನಾಯಿಗೆ ಜೇಬಿನಲ್ಲಿದ್ದ ಬಿಸ್ಕೀಟು ಕೊಟ್ಟು, ಕಣ್ಣು ಪೂರ್ತಿ ಬಿಟ್ಟಿದ್ದ ಒಂದು ಕಂದು ಮರಿಯನ್ನು ಎತ್ತಿಕೊಂಡ. ಎಡಗೈಯಲ್ಲಿ ಮರಿ, ಬಲಗೈಯಲ್ಲಿ ಲೇಖನಿ. ಕಳಕಪ್ಪ ಬಸಪ್ಪ ಸೂಡಿ ಎಂದು ದುಂಡಗೆ ಪೂರ್ತಿ ಹೆಸರು ಬರೆದ. ಅವನ ಮನೆಯ ಹಳದಿ ಗುಂಡಿ ಅಲ್ಲಿಗೆ ಆರಿತು.

ವೈಜಯಂತಿ ಡಿಪೋದಲ್ಲೇ ಕುಳಿತು, ಹುಬ್ಬಳ್ಳಿಯ ತನ್ನ ಜೊತೆಯವರನ್ನು ರಜೆಯ ದಿನ ಎಬ್ಬಿಸಿ, ಕತ್ತಲಾಗುವ ಮೊದಲೇ ಕೆಲಸ ಮುಗಿಸಿದಳು. ಸೋಮವಾರ ಒಂಬತ್ತಕ್ಕೆ ನಡೆಬಂಡಿಗಳು ಬೆಟಗೇರಿಯಲ್ಲಿ ಇಳಿದವು. 'ಯಾಕೆ' ಎನ್ನುವ ಪ್ರಶ್ನೆಯ ಉತ್ತರ ಪಾರ್ಸಲಿನ ಮೇಲೆ ಹೆಸರಿದ್ದವರಿಗೆ ಮಾತ್ರ ಹೋಯಿತು. ಉಮೇಶ ಕುತೂಹಲಕ್ಕೆ ಒತ್ತಿ ನೋಡಿದನಂತೆ. ನಿಮ್ಮ ಹೆಸರಿನ ನೂಲನ್ನು ಬಿಸಿಲಿಗೆ ಬಣ್ಣ ಹೋಗದಂತೆ ಬ್ಯಾರಲ್ಲಿನ ಹಿಂದೆ ಇಡಲಾಗಿದೆ ಎಂದು ಬಂತು. ಕೊಟ್ರಪ್ಪ ಮಾತ್ರ ಮಧ್ಯಾಹ್ನ ಕಳಕಪ್ಪನ ವ್ಯಾನು ತಡೆದು ನಿಲ್ಲಿಸಿದ.

"ಏ ಕಳಕಪ್ಪಾ, ನನಗ ಕೈ ನಡಗತಾವ ಅಂತ ನನಗ ಫೋನಿನ್ಯಾಗ ಹೇಳತಾರಲ್ಲೋ. ನನ್ನ ಕೈ ನನಗ ಗೊತ್ತಿಲ್ಲೇನು?"

"ಬ್ಯಾರೆಯವರಿಗೆ ಹೇಳಿಲ್ಲಲ್ಲ ಅಜ್ಜಾ. ಹೋಗು, ಮಗ್ಗಕ್ಕ ಕೂಡು."

ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಹಿಂದಿನ ದಿನದ್ದು, ಭಾನುವಾರ ಮಧ್ಯಾಹ್ನದ್ದು. ಕಳಕಪ್ಪ ನೀಲಿ ಬಾಗಿಲು ನೂಕಿ ಒಳಗೆ ಬಂದಾಗ ಅವನ ಅಂಗಿಯೊಳಗಿಂದ ಒಂದು ಕಂದು ಮೂತಿ ಹೊರಗೆ ಬಂದಿತ್ತು. ದಾಕ್ಷಾಯಣಿ ಕುಚ್ಚಿನ ದಾರ ಕೆಳಗಿಟ್ಟಳು.

"ಇದೇನ್ರಿ? ಯಾರ ಮನಿದ ಎತ್ತಿಕೊಂಡ ಬಂದ್ರಿ?"

"ನಮ್ಮನಿದ," ಎಂದ ಕಳಕಪ್ಪ. ಮರಿಯನ್ನು ಅವಳ ಮಡಿಲ ಬಳಿ ಬಿಟ್ಟ. "ನಮ್ಮ ಮನ್ಯಾಗ ಒಂದು ನಾಯಿ ಐತಿ ಅಂತ ಎಂಟು ತಿಂಗಳಾತು ಕಂಪನಿಯಾಗ ಬರದಿಟ್ಟಾರ. ಎದುರಿನ ಅಂಗಡಿಯವರಿಗೆ ಸುಮ್ನ ತ್ರಾಸ ಆಗತೈತಿ. ಇನ್ನ ಮ್ಯಾಲೆ ನಿನ್ನ ಹೆಸರಿಗೆ ಬಂದದ್ದನ್ನ ಎಲ್ಲಿ ಇಡಬೇಕಂತ ನಿನ್ನ ಕೇಳತಾರ. ನನ್ನ ಕೇಳೂದಿಲ್ಲ. ನಾನೂ ನಿನ್ನ ಕೇಳೂದಿಲ್ಲ. ಹಂಗಂತ ಸಹಿ ಮಾಡಿ ಬಂದೀನಿ."

ದಾಕ್ಷಾಯಣಿಯ ಮುಖದ ಬಣ್ಣ ಹೋಯಿತು. ಆಮೇಲೆ ನಿಧಾನವಾಗಿ ಮರಳಿ ಬಂತು. ಮರಿ ಅವಳ ಸೆರಗಿನ ಕುಚ್ಚನ್ನು ಕಚ್ಚಿ ಎಳೆಯುತ್ತಿತ್ತು, ಅವಳು ಬಿಡಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು.

"ರೀ, ನಾ ನಿಮಗೊಂದು ಮಾತು..."

"ಮೊದಲ ಅದಕ್ಕ ಹಾಲು ಹಾಕು," ಎಂದ ಕಳಕಪ್ಪ. "ಹಸದೈತಿ."

ಅವಳು ಎದ್ದು ಒಳಗೆ ಹೋಗಿ ಬಟ್ಟಲಲ್ಲಿ ಹಾಲು ತಂದಿಟ್ಟಳು. ಇಬ್ಬರೂ ಜಗಲಿಯ ಮೇಲೆ ಕುಳಿತು ಮರಿ ಕುಡಿಯುವುದನ್ನು ನೋಡಿದರು. ಅದು ಅರ್ಧ ಕುಡಿಯಿತು, ಅರ್ಧ ಚೆಲ್ಲಿತು.

ಏಳು ತಿಂಗಳ ಮೇಲೆ, ನಾಯಿ ದೊಡ್ಡದಾಗಿ ನಡೆಬಂಡಿಗಳನ್ನು ಕಂಡರೆ ನಿಜವಾಗಿಯೇ ಬೊಗಳತೊಡಗಿದ ಕಾಲಕ್ಕೆ, ದಾಕ್ಷಾಯಣಿ ತಾನಾಗಿಯೇ ಒಂದು ಬೆಳಿಗ್ಗೆ ಆ ಡಬ್ಬಿಗಳನ್ನು ತಂದು ಗಂಡನ ಮುಂದೆ ಇಟ್ಟಳು. ಕಳಕಪ್ಪ ನೋಡಿ ಬಹಳ ಹೊತ್ತು ನಕ್ಕ, ಆಮೇಲೆ ಕಣ್ಣೊರೆಸಿಕೊಂಡ. ಅವುಗಳಲ್ಲಿ ಏನಿತ್ತು ಎಂದು ನನಗೂ ಗೊತ್ತು. ಆದರೆ ಹೇಳುವುದಿಲ್ಲ, ಅವುಗಳ ಮೇಲಿದ್ದದ್ದು ಅವಳ ಹೆಸರು.